ಹಿಟ್ಟು ಹುದುಗಿಸಲು ಇಂಜಿನಿಯರ್ ಯಾಕೆ?

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಇನ್ಸುಲಿನ್ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ನಾನೂ ವರ್ಷಗಳಿಂದ ದಿನಕ್ಕೆರಡು ಸಲ ಚುಚ್ಚಿಕೊಳ್ಳುವವನೇ. ಬ್ಯಾಕ್ಟೀರಿಯಾ ಸಕ್ಕರೆ ತಿಂದು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಇನ್ಸುಲಿನ್ನನ್ನು ತಾನೇ ತಯಾರಿಸಿಕೊಡುತ್ತದೆ ಎಂದಿದ್ದೀರಿ. ಹಾಗಾದರೆ ಇಂಜಿನಿಯರಿಗೆ ಅಲ್ಲೇನು ಕೆಲಸ? ನಮ್ಮ ಮನೆಯ ಇಡ್ಲಿ ಹಿಟ್ಟು ಯಾವ ಇಂಜಿನಿಯರೂ ಇಲ್ಲದೆ ಉಬ್ಬುತ್ತದೆ. ಮೊಮ್ಮಗಳಿಗೆ ಸಿಇಟಿಯಲ್ಲಿ ಬಯೋಟೆಕ್ನಾಲಜಿ ಸೀಟು ಸಿಕ್ಕಿದೆ, ಅದಕ್ಕೇ ಕೇಳುತ್ತಿದ್ದೇನೆ. ಇನ್ನೊಂದು: ಇನ್ಸುಲಿನ್ ಬಾಟಲಿಯನ್ನು ಕುಲುಕಬೇಡಿ, ಅಂಗೈ ನಡುವೆ ಉರುಳಿಸಿ ಅನ್ನುತ್ತಾರಲ್ಲ, ಯಾಕೆ?”
– ನಿವೃತ್ತ ಅಧ್ಯಾಪಕರು, ಹಾಸನ ಜಿಲ್ಲೆ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮ್ಮ ಲೇಖನದ ಆ ವಾಕ್ಯ ಸುಳ್ಳಲ್ಲ, ಆದರೆ ಅರ್ಧದಲ್ಲೇ ನಿಂತುಬಿಟ್ಟಿದೆ. ಉಳಿದರ್ಧ ಹೇಳುವುದಕ್ಕೆ ನಿಮ್ಮ ಇಡ್ಲಿ ಹಿಟ್ಟಿನಿಂದಲೇ ಶುರುಮಾಡುತ್ತೇನೆ.

ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೋನಾಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳಿಗೆ ಗಾಳಿಯ ಹಂಗಿಲ್ಲ. ರುಬ್ಬಿ, ಮುಚ್ಚಿಟ್ಟು ಮಲಗಿದರಾಯಿತು. ಉದ್ದಿನ ಬೇಳೆಯ ಜೊತೆಗೆ ಬಂದ ಸೂಕ್ಷ್ಮಜೀವಿಗಳಲ್ಲಿ ಯಾವುದು ಎಷ್ಟಿದೆ ಎಂದು ಯಾರೂ ಎಣಿಸುವುದಿಲ್ಲ. ಬೆಳಿಗ್ಗೆ ಬ್ಯಾಕ್ಟೀರಿಯಾ, ಹಿಟ್ಟು, ಹುಳಿ ಎಲ್ಲವನ್ನೂ ಒಟ್ಟಿಗೆ ಬೇಯಿಸಿ ತಿನ್ನುತ್ತೇವೆ. ಇನ್ಸುಲಿನ್ ಮಾಡುವವರಿಗೆ ಈ ಯಾವ ಅನುಕೂಲವೂ ಇಲ್ಲ. ಅವರ ಜೀವಿ ದಟ್ಟವಾಗಿ ಬೆಳೆಯಲು ಗಾಳಿ ಬೇಕೇ ಬೇಕು, ಟ್ಯಾಂಕಿನಲ್ಲಿ ಬೇರೊಂದು ಜೀವಿ ಇರಕೂಡದು, ಕೊನೆಗೆ ಇನ್ಸುಲಿನ್ ಒಂದನ್ನೇ ಹೆಕ್ಕಿ ತೆಗೆಯಬೇಕು.

ಗಾಳಿಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಲೀಟರ್ ನೀರಿನಲ್ಲಿ ನೂರಾರು ಗ್ರಾಂ ಸಕ್ಕರೆ ಕರಗುತ್ತದೆ. ಆಮ್ಲಜನಕ? 30 ಡಿಗ್ರಿಯಲ್ಲಿ ಗಾಳಿಯಿಂದ ಕರಗುವುದು ಸುಮಾರು 7.5 ಮಿಲಿಗ್ರಾಂ ಮಾತ್ರ. ದಟ್ಟವಾಗಿ ಬೆಳೆದ ಜೀವಿಗಳು ಅಷ್ಟನ್ನು ನಾಲ್ಕೈದು ಸೆಕೆಂಡಿನಲ್ಲಿ ಉಸಿರಾಡಿ ಮುಗಿಸುತ್ತವೆ. ಅಂದರೆ ಊಟವನ್ನು ಬೇಕಾದಷ್ಟು ಕರಗಿಸಿ ಕೂಡಿಡಬಹುದು, ಉಸಿರನ್ನು ಮಾತ್ರ ಕ್ಷಣಕ್ಷಣವೂ ಒದಗಿಸುತ್ತಲೇ ಇರಬೇಕು. ಅದಕ್ಕಾಗಿ ತಳದಿಂದ ಗಾಳಿ ಊದುತ್ತಾರೆ, ತಿರುಗುವ ರೆಕ್ಕೆಗಳು ಆ ಗುಳ್ಳೆಗಳನ್ನು ಒಡೆದು ಪುಡಿಮಾಡುತ್ತವೆ. ಗುಳ್ಳೆ ಸಣ್ಣದಾದಷ್ಟೂ ಅದರ ಮೈ ಹರವು ಹೆಚ್ಚುತ್ತದೆ, ಆಮ್ಲಜನಕ ಬೇಗ ನೀರಿಗಿಳಿಯುತ್ತದೆ. ಯಾವ ರೆಕ್ಕೆ, ಎಷ್ಟು ವೇಗ, ಎಷ್ಟು ಗಾಳಿ ಎನ್ನುವ ಲೆಕ್ಕವೇ ಈ ಶಾಸ್ತ್ರದ ಮೊದಲ ಪಾಠ.

ಉಸಿರಾಡಿದ ಮೇಲೆ ಮೈ ಬಿಸಿಯಾಗುತ್ತದಲ್ಲ! 10,000 ಲೀಟರಿನ ಟ್ಯಾಂಕಿನಲ್ಲಿ ಬೆಳವಣಿಗೆ ಭರಾಟೆಯಲ್ಲಿರುವಾಗ ಹೊರಬರುವ ಶಾಖ ನೂರಕ್ಕೂ ಹೆಚ್ಚು ಬಚ್ಚಲುಮನೆಯ ಗೀಸರುಗಳನ್ನು ಒಟ್ಟಿಗೆ ಹಾಕಿದಷ್ಟಿರುತ್ತದೆ. ಮೇಜಿನ ಮೇಲಿನ ಸಣ್ಣ ಪಾತ್ರೆಗೆ ಇದು ತೊಂದರೆಯೇ ಅಲ್ಲ, ಹೊರಮೈಯಿಂದಲೇ ಶಾಖ ಹೋಗಿಬಿಡುತ್ತದೆ. ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ ಹತ್ತು ಪಟ್ಟು ಮಾಡಿ ನೋಡಿ: ಒಳಗೆ ಹಿಡಿಯುವುದು ಸಾವಿರ ಪಟ್ಟಾಯಿತು, ಹೊರಮೈ ಬರೀ ನೂರು ಪಟ್ಟು. ಲ್ಯಾಬಿನಲ್ಲಿ ಗೆದ್ದ ಎಷ್ಟೋ ಪ್ರಯೋಗ ಕಾರ್ಖಾನೆಯಲ್ಲಿ ಸೋಲುವುದು ಇಂಥ ಜಾಗದಲ್ಲೇ.

ಒಮ್ಮೆ ಒಂದು ಕಾಲೇಜಿನ ಲ್ಯಾಬಿನಲ್ಲಿ ರಾತ್ರಿ ಹತ್ತರ ತನಕ ಕೂತಿದ್ದೆ. ಐದು ಲೀಟರಿನ ಗಾಜಿನ ಫರ್ಮೆಂಟರ್ (ಜೀವಿಗಳನ್ನು ಬೆಳೆಸುವ ಟ್ಯಾಂಕು), ಅದರ ಮುಂದೆ ಸ್ಟೂಲು ಹಾಕಿಕೊಂಡ ಒಬ್ಬ ವಿದ್ಯಾರ್ಥಿನಿ. ಆಕೆಯ ಕಣ್ಣು, ಕರಗಬಹುದಾದ ಆಮ್ಲಜನಕದಲ್ಲಿ ನೂರಕ್ಕೆ ಎಷ್ಟು ನೀರಿನಲ್ಲಿದೆ ಎಂದು ತೋರಿಸುವ ಅಂಕಿಯ ಮೇಲೇ ಇತ್ತು: 60, 45, 30. ಇಳಿದ ಹಾಗೆಲ್ಲ ರೆಕ್ಕೆಯ ವೇಗ ಏರಿಸುತ್ತಿದ್ದಳು. ನೊರೆ ಮೇಲೇರಿ ಮುಚ್ಚಳ ಮುಟ್ಟಲು ಬಂದಾಗ ನಾಲ್ಕು ಹನಿ ಸಿಲಿಕೋನ್ ಎಣ್ಣೆ ಬಿಟ್ಟಳು, ಕಾಯುವ ಹಾಲಿಗೆ ನೀರು ಚಿಮುಕಿಸಿದಂತೆ ಅದು ಕುಸಿಯಿತು. ಇದ್ದಕ್ಕಿದ್ದಂತೆ ಅಂಕಿ 30ರಿಂದ 70ಕ್ಕೆ ಜಿಗಿಯಿತು. “ಸರ್, ಸಕ್ಕರೆ ಖಾಲಿ!” ಎಂದು ಪಂಪ್ ಶುರುಮಾಡಿದಳು. ತಿನ್ನಲು ಏನೂ ಇಲ್ಲದಾಗ ಜೀವಿಗಳ ಉಸಿರಾಟ ತಗ್ಗುತ್ತದೆ, ಆಮ್ಲಜನಕ ಮಿಗುತ್ತದೆ. ಅಂಕಿಯ ಆ ಒಂದು ನೆಗೆತದಿಂದ ಒಳಗಿನ ಹಸಿವನ್ನು ಆಕೆ ಓದಿದ್ದಳು. ಮೊದಲೇ ಎಲ್ಲ ಸಕ್ಕರೆ ಸುರಿದುಬಿಡಬಾರದೇ ಎಂದು ಕೇಳಿದೆ. ಹಾಗೆ ಮಾಡಿದರೆ ಇ.ಕೋಲೈ (ಇನ್ಸುಲಿನ್ ಮಾಡಲು ಬಳಸುವ ಬ್ಯಾಕ್ಟೀರಿಯಾ) ಅರಗಿಸಿಕೊಳ್ಳಲಾರದೆ ಅಸಿಟಿಕ್ ಆಮ್ಲವನ್ನು, ಅಂದರೆ ವಿನೆಗರಿನ ಹುಳಿಯನ್ನೇ ಕಾರುತ್ತದೆ, ಆ ಹುಳಿ ಅದರ ಬೆಳವಣಿಗೆಯನ್ನೇ ಕಟ್ಟಿಹಾಕುತ್ತದೆ. ಹಾಗಾಗಿ ತುತ್ತು ತುತ್ತಾಗಿಯೇ ಉಣಿಸಬೇಕು.

ಶುದ್ಧಿಯ ವಿಷಯ ನಿಮಗೆ ಹೊಸದಲ್ಲ. ಪ್ರೆಷರ್ ಕುಕ್ಕರಿನ ತತ್ವವೇ: ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಕಾಯಿಸಿ ಟ್ಯಾಂಕು, ಕೊಳವೆ, ಆಹಾರ ಎಲ್ಲವನ್ನೂ ನಿರ್ಜೀವ ಮಾಡುತ್ತಾರೆ. ಒಂದು ವಾಲ್ವಿನ ಸಂದಿಯಲ್ಲಿ ಹೊರಗಿನ ಜೀವಿ ಉಳಿದುಕೊಂಡರೂ ಇಡೀ ಬ್ಯಾಚ್ ಚರಂಡಿಗೆ.

ಇಷ್ಟೆಲ್ಲ ಆಗಿ ಟ್ಯಾಂಕು ತುಂಬಿತು ಎನ್ನಿ. ನನ್ನ ಮಟ್ಟಿಗೆ ಕಷ್ಟದ ಕೆಲಸವಾದ ಶುದ್ಧೀಕರಣ ಶುರುವಾಗುವುದೇ ಆಮೇಲೆ. 1922ರ ಜನವರಿ 11ರಂದು ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಮಧುಮೇಹಿ ಹುಡುಗನಿಗೆ ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ, ಇನ್ಸುಲಿನ್ ಇದ್ದ ರಸ ಚುಚ್ಚಿದರು. ಸಕ್ಕರೆ ಅಷ್ಟಿಷ್ಟು ಇಳಿಯಿತು, ಚುಚ್ಚಿದ ಕಡೆ ಕೀವುಗಟ್ಟಿತು, ನಿಲ್ಲಿಸಬೇಕಾಯಿತು. ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ಹಗಲೂ ರಾತ್ರಿ ಕೂತು ರಸವನ್ನು ಶುದ್ಧಮಾಡಿದ. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಎರಡು ಸಲವೂ ಮದ್ದು ಒಂದೇ, ನಡುವೆ ಆದದ್ದು ಶುದ್ಧೀಕರಣ. ಆದರೆ ಹೆಚ್ಚು ಪ್ರಮಾಣದಲ್ಲಿ ಮಾಡಹೊರಟಾಗ ಕಾಲಿಪ್‌ನ ವಿಧಾನ ಅವನಿಗೇ ಕೈಕೊಟ್ಟಿತು, ಆ ವಸಂತದಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ನಿಗೆ ಬರ ಬಂತು. ಅಮೆರಿಕದ ಔಷಧ ಕಂಪನಿ ಎಲೈ ಲಿಲಿಯ ಜಾರ್ಜ್ ವಾಲ್ಡನ್ ಅದೇ ವರ್ಷ ದಾರಿ ಕಂಡುಕೊಂಡ. ಹಾಲಿಗೆ ನಿಂಬೆಹುಳಿ ಹಿಂಡಿದರೆ ಒಡೆಯುತ್ತದಲ್ಲವೇ, ಹಾಗೇ ಹುಳಿಯನ್ನು ಒಂದು ನಿರ್ದಿಷ್ಟ ಹದಕ್ಕೆ ತಂದರೆ ಇನ್ಸುಲಿನ್ ತಳಕ್ಕಿಳಿಯುತ್ತದೆ, ಕಲ್ಮಶದಲ್ಲಿ ಬಹುಪಾಲು ಮೇಲೇ ಉಳಿಯುತ್ತದೆ.

ಇವತ್ತು ಆ ಒಂದು ಹೆಜ್ಜೆಯ ಜಾಗದಲ್ಲಿ ಹಲವು ಹೆಜ್ಜೆಗಳಿವೆ. ಇ.ಕೋಲೈ ತನ್ನೊಳಗೆ ಮಾಡಿದ ಇನ್ಸುಲಿನ್ನಿನ ಸರಪಳಿ ಸಿಕ್ಕುಗಟ್ಟಿದ ನೂಲಿನುಂಡೆಯ ಹಾಗಿರುತ್ತದೆ. ಜೀವಕೋಶ ಒಡೆದು, ಉಂಡೆ ಕರಗಿಸಿ, ಸರಿಯಾಗಿ ಮಡಿಸಿ, ಬೇಡದ ತುಂಡನ್ನು ಕಿಣ್ವದಿಂದ ಕತ್ತರಿಸಿ, ಸೋಸಿ, ಹರಳುಗಟ್ಟಿಸಬೇಕು. ಪ್ರತಿ ಹೆಜ್ಜೆಯಲ್ಲೂ ನೂರಕ್ಕೆ ತೊಂಬತ್ತು ಉಳಿಸಿಕೊಂಡರೂ ಎಂಟು ಹೆಜ್ಜೆ ದಾಟುವಷ್ಟರಲ್ಲಿ ಕೈಯಲ್ಲಿರುವುದು 43. ಬ್ಯಾಕ್ಟೀರಿಯಾದ ಹೊರಕವಚದ ಚೂರು ಉಳಿದರೆ ರೋಗಿಗೆ ಜ್ವರ ಬರಬಹುದು. ಅದಕ್ಕೇ ಕೆಲವರು ಇನ್ಸುಲಿನ್ನನ್ನು ಹೊರಗೇ ಸುರಿಸುವ ಯೀಸ್ಟನ್ನು ನೆಚ್ಚಿಕೊಂಡರು. 1978ರಲ್ಲಿ ಪರಂಗಿ ಕಾಯಿಯ ಹಾಲಿನಿಂದ ಪಪೇನ್ ಕಿಣ್ವ ತೆಗೆಯುತ್ತಾ ಶುರುವಾದ ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಪಿಕಿಯಾ ಎಂಬ ಯೀಸ್ಟಿನದು. ಪಿಕಿಯಾಕ್ಕೆ ಮೆಥನಾಲ್ ಎಂಬ ಆಲ್ಕೋಹಾಲನ್ನು ಉಣಿಸುತ್ತಾರೆ. ಅದನ್ನು ಅರಗಿಸಲು ಇನ್ನೂ ಹೆಚ್ಚು ಆಮ್ಲಜನಕ ಬೇಕು, ಶಾಖವೂ ಹೆಚ್ಚು. ಸೋಸುವ ಕಷ್ಟ ಕಮ್ಮಿಯಾಯಿತು, ಗಾಳಿಯ ಕಷ್ಟ ಏರಿತು.

ಮೊಮ್ಮಗಳನ್ನು ಖಂಡಿತ ಕಳಿಸಿ. ಒಂದೇ ಎಚ್ಚರಿಕೆ: ಸೇರುವ ಮೊದಲು ಕಾಲೇಜಿಗೆ ಹೋಗಿ, ಫರ್ಮೆಂಟರ್ ಇದೆಯೇ, ಅದನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆಯೇ, ಇಲ್ಲ ಬಟ್ಟೆ ಹೊದಿಸಿ ಇಟ್ಟಿದ್ದಾರೆಯೇ ಎಂದು ನೋಡಿಬನ್ನಿ. ಜೀವಶಾಸ್ತ್ರ ಇಷ್ಟ, ಗಣಿತ ಬೇಡ ಎನ್ನುವ ಮಕ್ಕಳು ಈ ಕೋರ್ಸಿಗೆ ಬಂದು ಕಂಗಾಲಾಗುವುದನ್ನು ಕಂಡಿದ್ದೇನೆ. ಶಾಖ, ಹರಿವು, ಗುಳ್ಳೆ ಎಲ್ಲವೂ ಕಲನಶಾಸ್ತ್ರದ ಭಾಷೆಯಲ್ಲೇ ಮಾತಾಡುತ್ತವೆ. ನೀವು ಮನೆಯಲ್ಲಿದ್ದೀರಿ, ಈಗಿನಿಂದಲೇ ಕೂರಿಸಿಕೊಂಡು ಹೇಳಿಕೊಡಿ.

ಇನ್ನು ಬಾಟಲಿ. ಉರುಳಿಸಲು ಹೇಳಿದ್ದಾರೆಂದರೆ ನಿಮ್ಮದು ಮೋಡದಂತೆ ಬೆಳ್ಳಗಿರುವ ಇನ್ಸುಲಿನ್ ಇರಬೇಕು. ಅದರ ಸಣ್ಣ ಹರಳುಗಳು ತಳದಲ್ಲಿ ಕೂರುತ್ತವೆ, ಬೆರೆಸದಿದ್ದರೆ ಒಂದು ದಿನ ಡೋಸ್ ಕಮ್ಮಿ, ಇನ್ನೊಂದು ದಿನ ಜಾಸ್ತಿ. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಗಾಳಿಯೂ ನೀರೂ ಕೂಡುವ ಗುಳ್ಳೆಯ ಮೈಮೇಲೆ ಇನ್ಸುಲಿನ್ನಿನ ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಸಿರಿಂಜಿಗೆ ಗುಳ್ಳೆ ಬಂದರೆ ಅಳತೆಯೂ ತಪ್ಪುತ್ತದೆ. ಅಂಗೈ ನಡುವೆ ಮೆಲ್ಲಗೆ ಹತ್ತು ಸಲ ಉರುಳಿಸಿ, ಎಲ್ಲ ಒಂದೇ ಸಮ ಬೆಳ್ಳಗಾದ ಮೇಲೆ ತೆಗೆದುಕೊಳ್ಳಿ. ಉರುಳಿಸಿದ ಮೇಲೂ ಗಂಟು ಕಂಡರೆ ಆ ಬಾಟಲಿ ಬಳಸಬೇಡಿ.