ಸೇವೆಯ ಹೆಸರಲ್ಲಿ ಬಂದ ಟಾರ್ಗೆಟ್

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಹುಡುಗಿಯೊಬ್ಬಳ ಕಥೆ ಇದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮೊದಲ ಭೇಟಿಯಲ್ಲಿ ಆಕೆ ಹೇಳಿದ್ದು ನಿದ್ದೆಯ ವಿಷಯ ಮಾತ್ರ. ರಾತ್ರಿ ಎರಡಾದರೂ ಕಣ್ಣು ಮುಚ್ಚುವುದಿಲ್ಲ. ಫೋನ್ ರಿಂಗಾದರೆ ಎದೆ ಡವಡವ. ಯಾರ ಫೋನ್ ಬಂದರೆ ಜಾಸ್ತಿ ಭಯ ಆಗುತ್ತದೆ ಎಂದು ಕೇಳಿದೆ. "ಚಿಕ್ಕಮ್ಮಂದು ಮೇಡಂ" ಎಂದಳು. ಅಳು ಬಂತು.

ತಿಪಟೂರು ಕಡೆಯ ಹುಡುಗಿ, ವಯಸ್ಸು 20. ಅಪ್ಪನಿಗೆ ಸಣ್ಣದೊಂದು ತೆಂಗಿನ ತೋಟ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಬಿಬಿಎ ಓದುತ್ತಿದ್ದಾಳೆ. ಕಾಲೇಜಿನವರು ಇಂಟರ್ನ್‌ಶಿಪ್ ಕಡ್ಡಾಯ ಎಂದಿದ್ದರು. ಮಕ್ಕಳ ಓದಿಗೆ ನೆರವಾಗುವ ಒಂದು ಸೇವಾ ಸಂಸ್ಥೆ ಇವಳನ್ನು ಮಾರ್ಕೆಟಿಂಗ್ ಇಂಟರ್ನ್ ಎಂದು ತೆಗೆದುಕೊಂಡಿತು. 45 ದಿನ, ಸಂಬಳ ಇಲ್ಲ. ಅದಕ್ಕೆ ಅವಳ ತಕರಾರೇನೂ ಇರಲಿಲ್ಲ. ಒಳ್ಳೆ ಕೆಲಸ, ಕಲಿಯಲೂ ಸಿಗುತ್ತದೆ ಅಂದುಕೊಂಡು ರಜೆಗೆ ಊರಿಗೆ ಹೋಗದೆ ಉಳಿದಳು. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿಯಿತು. ಪಿಜಿ ಬಾಡಿಗೆ, ಊಟ ಮಾತ್ರ ಅಪ್ಪನ ಮೇಲೇ ಬಿತ್ತು.

ಮೊದಲ ವಾರ ಪೋಸ್ಟರ್ ಮಾಡಿಸಿದರು. ಇನ್‌ಸ್ಟಾಗ್ರಾಂಗೆ ಕನ್ನಡದಲ್ಲಿ ಬರೆಸಿದರು. ಒಂದು ಶನಿವಾರ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಪೋಷಕರಿಗೆಂದು ಅವಳು ಬರೆದ ಕರಪತ್ರವನ್ನು ಒಬ್ಬ ತಾಯಿ ಗಟ್ಟಿಯಾಗಿ ಓದಿ, "ಈಗ ಅರ್ಥ ಆಯ್ತು" ಅಂದರಂತೆ. ಇದನ್ನು ಹೇಳುವಾಗ ಅವಳ ಮುಖ ಅರಳಿತು. ಆ ಹೊತ್ತಿನಲ್ಲಿ ಅರಳಿದ್ದು ಅದೊಂದೇ ಸಲ.

ಎರಡನೇ ವಾರ ವಾಟ್ಸಾಪ್ ಗ್ರೂಪಿನಲ್ಲಿ ಟಾರ್ಗೆಟ್ ಬಂತು. ಪ್ರತಿಯೊಬ್ಬ ಇಂಟರ್ನ್ 20,000 ರೂಪಾಯಿ ದೇಣಿಗೆ ತರಬೇಕು. ನಿಮ್ಮ ಪರಿಚಯದವರಿಂದಲೇ ಶುರು ಮಾಡಿ ಎಂದು ಸೂಚನೆ. ಟಾರ್ಗೆಟ್ ಮುಟ್ಟಿದವರಿಗಷ್ಟೇ ಸರ್ಟಿಫಿಕೇಟ್. ದಿನಾ ರಾತ್ರಿ ಯಾರು ಎಷ್ಟು ತಂದರು ಎಂಬ ಪಟ್ಟಿ. ಹಿಂದೆ ಬಿದ್ದವರಿಗೆ "ನಿಮ್ಮಿಂದಾಗಿ ಒಂದು ಮಗುವಿನ ಪುಸ್ತಕ ನಿಲ್ಲುತ್ತೆ, ಯೋಚನೆ ಮಾಡಿ" ಎಂಬ ಸಂದೇಶ.

ಈ ಕೊನೆಯ ಮಾತು ನನ್ನನ್ನು ತುಂಬಾ ಕೆಣಕಿತು. 20 ವರ್ಷದ ಹುಡುಗಿಯ ತಲೆಯ ಮೇಲೆ ಎಂಥ ಭಾರ ಹೊರಿಸಿದ್ದಾರೆ ನೋಡಿ.

ಅವಳು ಚಿಕ್ಕಮ್ಮನನ್ನು ಕೇಳಿದಳು. ಅವರು ಹೊಲಿಗೆ ಮಾಡಿ ಬದುಕುವವರು. 500 ಕಳಿಸಿದರು. ವಾರ ಬಿಟ್ಟು ಮತ್ತೆ ಕೇಳಿದಾಗ "ನೋಡ್ತೀನಿ ಪುಟ್ಟಿ" ಅಂದರು. ಅಂದಿನಿಂದ ಅವರ ಫೋನ್ ಎತ್ತಲು ನಾಚಿಕೆ. ಹೈಸ್ಕೂಲ್ ಮೇಷ್ಟ್ರನ್ನೂ ಬಿಡಲಿಲ್ಲ. ಕೊನೆಗೆ ರೂಮ್‌ಮೇಟ್ ಹತ್ತಿರ 2,000 ಸಾಲ ಮಾಡಿ, ಊಟದ ದುಡ್ಡಿನಿಂದ 1,000 ಸೇರಿಸಿ, ಅಣ್ಣನ ಹೆಸರಿನಲ್ಲಿ ದೇಣಿಗೆ ಹಾಕಿದಳು. ಎಲ್ಲಾ ಸೇರಿ 7,500 ಆಯಿತು. ಅದೇ ಗ್ರೂಪಿನ ಇನ್ನೊಬ್ಬ ಹುಡುಗನ ತಂದೆ ವ್ಯಾಪಾರಸ್ಥರು. ಅವನ 20,000 ಒಂದೇ ಸಂಜೆಗೆ ಮುಗಿದಿತ್ತು.

"ನಂಗೆ ಮಾರ್ಕೆಟಿಂಗೇ ಬರಲ್ಲ ಮೇಡಂ, ಅವನಿಗೆ ಬರುತ್ತೆ" ಎಂದಳು. ಅವನು ಎಷ್ಟು ಜನರಿಗೆ ಪೋಸ್ಟರ್ ಕಳಿಸಿದ ಎಂದು ಕೇಳಿದೆ. ಅವನು ಪೋಸ್ಟರನ್ನೇ ಕಳಿಸಿರಲಿಲ್ಲ, ಅಪ್ಪನಿಗೆ ಹೇಳಿದ್ದ ಅಷ್ಟೇ. ಹಾಗಿದ್ದರೆ ಆ ಪಟ್ಟಿ ಅಳೆದದ್ದು ಯಾರ ನೆಂಟರ ಕೈಯಲ್ಲಿ ಎಷ್ಟು ದುಡ್ಡಿದೆ ಎಂಬುದನ್ನು, ಅಲ್ವಾ? ಅವಳು ಸುಮಾರು ಹೊತ್ತು ಸುಮ್ಮನೆ ಕೂತಳು.

ಮುಂದಿನ ಭೇಟಿಗೆ ಬರುವಾಗ ಸಂಸ್ಥೆ ಕೊಟ್ಟ ಪತ್ರ ತರಲು ಹೇಳಿದ್ದೆ. ಅದರಲ್ಲಿ ಸೋಶಿಯಲ್ ಮೀಡಿಯಾ ಕೆಲಸ ಎಂದಿತ್ತು. ದೇಣಿಗೆಯ ಮೊತ್ತದ ಸುದ್ದಿಯೇ ಇರಲಿಲ್ಲ. ಕೇಸ್ ಹಾಕಬಹುದಾ ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ಆದವರಿಗೆ ಸ್ಟೈಪೆಂಡ್ ಕೊಡಲೇಬೇಕು. ಇವಳದು ಅಂಥ ಒಪ್ಪಂದ ಅಲ್ಲ. ಯಾರಾದರೂ ಕೆಟ್ಟದಾಗಿ ನಡೆದುಕೊಂಡರಾ ಎಂದೂ ಕೇಳಿದೆ. ಇಲ್ಲ ಎಂದಳು. ಆದರೂ ತಿಳಿದಿರಲಿ ಎಂದು ಹೇಳಿದೆ: ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ಇರುವ 2013ರ ಕಾಯ್ದೆ ಸಂಬಳ ಇಲ್ಲದೆ ದುಡಿಯುವ ಹೆಣ್ಣುಮಕ್ಕಳಿಗೂ ರಕ್ಷಣೆ ಕೊಡುತ್ತದೆ.

ಆಮೇಲೆ ಇಬ್ಬರೂ ಕೂತು ಸಂಸ್ಥೆಗೆ ಒಂದು ಮೇಲ್ ಬರೆದೆವು: ಒಪ್ಪಿಕೊಂಡ ಪೋಸ್ಟರ್, ಬರವಣಿಗೆ ಕೆಲಸವನ್ನು ಕೊನೆಯ ದಿನದವರೆಗೆ ಮಾಡಿಕೊಡುತ್ತೇನೆ. ಮನೆಯವರ ಹತ್ತಿರ ಇನ್ನು ದೇಣಿಗೆ ಕೇಳಲಾರೆ. ಕೆಲಸ ಮಾಡಿದ ದಿನಗಳಿಗೆ ಸರ್ಟಿಫಿಕೇಟ್ ಕೊಡಿ. ಅಣ್ಣನ ಹೆಸರಿನ 3,000 ನಾನೇ ಕೊಟ್ಟದ್ದು, ರಸೀದಿ ಸರಿಪಡಿಸಿ. ಈ ಕೊನೆಯ ಸಾಲು ಬೇಡ ಎಂದು ಅವಳು ಹಟ ಹಿಡಿದಳು. ಅಣ್ಣನಿಗೆ ಗೊತ್ತೇ ಇಲ್ಲದ 80ಜಿ ರಸೀದಿ (ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಪಡೆಯಲು ಕೊಡುವ ರಸೀದಿ) ಅವನ ಹೆಸರಲ್ಲಿ ಇರಬಾರದು ಎಂದು ವಿವರಿಸಿದ ಮೇಲೆ ಒಪ್ಪಿದಳು. "ಕ್ಷಮಿಸಿ" ಎಂಬ ಪದ ನಾಲ್ಕು ಕಡೆ ಇತ್ತು. ನಾಲ್ಕನ್ನೂ ಅವಳ ಕೈಯಲ್ಲೇ ಅಳಿಸಿದೆ.

ಕಾಲೇಜಿನ ಗೈಡ್ ಹತ್ತಿರವೂ ಮಾತಾಡಲು ಕಳಿಸಿದೆ. ಅವರಿಗೆ ಬೇಕಿದ್ದದ್ದು ಗಂಟೆಗಳ ಲೆಕ್ಕ ಮತ್ತು ವರದಿ, ದೇಣಿಗೆಯ ಮೊತ್ತ ಅಲ್ಲ. ಕರಪತ್ರವನ್ನೇ ವರದಿಗೆ ಲಗತ್ತಿಸು ಎಂದರಂತೆ. ಸಂಸ್ಥೆಯ ಸರ್ಟಿಫಿಕೇಟ್ ತಡವಾಗಿ ಬಂತು. ರಸೀದಿಯ ವಿಷಯಕ್ಕೆ ಉತ್ತರ ಬಂದಿಲ್ಲ, ಇನ್ನೊಮ್ಮೆ ಬರೆದಿದ್ದಾಳೆ.

ಚಿಕ್ಕಮ್ಮನಿಗೆ ಫೋನ್ ಮಾಡಲು ಮೂರು ವಾರ ಹಿಡಿಯಿತು. ದುಡ್ಡಿನ ಮಾತು ಎತ್ತಬೇಡ, ಸುಮ್ನೆ ಹೇಗಿದ್ದೀರಿ ಅಂತ ಕೇಳು ಎಂದಿದ್ದೆ. ಅರ್ಧ ಗಂಟೆ ಮಾತಾಡಿದರಂತೆ. ಈಗ ನಿದ್ದೆ ಪರವಾಗಿಲ್ಲ. ರೂಮ್‌ಮೇಟ್‌ಗೆ ಇನ್ನೂ 1,000 ಕೊಡಬೇಕು. ಆ ಸಾಲದ ವಿಷಯ ಅಪ್ಪನಿಗೆ ಹೇಳಬೇಕೋ ಬೇಡವೋ ಎಂಬುದನ್ನು ಮುಂದಿನ ಗುರುವಾರದ ಭೇಟಿಗೆ ಇಟ್ಟುಕೊಂಡಿದ್ದೇವೆ.