ಮಿಡ್ವೇ ಗೆಲುವನ್ನು ಅದೃಷ್ಟದ ಲೆಕ್ಕಕ್ಕೆ ಬರೆಯಬೇಡಿ: ಒಬ್ಬ ಹೊಸ ಲೇಖಕರಿಗೆ ಸಂಪಾದಕರ ಉತ್ತರ

ನಮಸ್ಕಾರ,

1942ರ ಜೂನ್‌ನಲ್ಲಿ ಅಮೆರಿಕ ಮತ್ತು ಜಪಾನ್ ನೌಕಾಪಡೆಗಳ ನಡುವೆ ನಡೆದ ಮಿಡ್ವೇ ಕದನದ ಬಗ್ಗೆ ನೀವು ಕಳಿಸಿದ ‘ಆ ಐದು ನಿಮಿಷ’ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಬೇರೆ ಕಡೆ ಕಳಿಸಬೇಡಿ, ತಿದ್ದಿ ನಮಗೇ ಕಳಿಸಿ. ಲೇಖನ ಬೇಕು ಅನ್ನಿಸಿದ್ದಕ್ಕೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಡಿಕ್ ಬೆಸ್ಟ್ ಎಂಬ ಅಮೆರಿಕದ ಪೈಲಟ್ ಬಗ್ಗೆ ನೀವು ಬರೆದ ಭಾಗ. ಎಂಟರ್‌ಪ್ರೈಸ್ ನೌಕೆಯ ಡೈವ್ ಬಾಂಬರ್‌ಗಳು (ಮೇಲಿನಿಂದ ಧುಮುಕಿ ಬಾಂಬ್ ಹಾಕುವ ವಿಮಾನಗಳು) ಹೆಚ್ಚುಕಡಿಮೆ ಎಲ್ಲವೂ ಜಪಾನಿನ ವಿಮಾನವಾಹಕ ನೌಕೆ ಕಾಗಾ ಒಂದರ ಮೇಲೆಯೇ ಎರಗುತ್ತಿವೆ. ಪಕ್ಕದಲ್ಲಿದ್ದ ಇನ್ನೊಂದು ನೌಕೆ ಅಕಾಗಿಯ ತಂಟೆಗೆ ಯಾರೂ ಹೋಗಿಲ್ಲ. ಬೆಸ್ಟ್ ಇದನ್ನು ಗಮನಿಸಿ, ಇಬ್ಬರು ಜೊತೆಗಾರರನ್ನು ಕರೆದುಕೊಂಡು ಅತ್ತ ಹೊರಳುತ್ತಾರೆ. ಮೂರೇ ವಿಮಾನ. ನೇರವಾಗಿ ತಗುಲಿದ್ದು ಒಂದೇ ಬಾಂಬ್. ಅದು ಡೆಕ್ ಸೀಳಿ, ಕೆಳಗೆ ವಿಮಾನಗಳನ್ನು ಇಡುವ ಹ್ಯಾಂಗರ್ ಒಳಗೆ ಸಿಡಿಯಿತು, ಅಕಾಗಿಯ ಕಥೆ ಅಲ್ಲಿಗೆ ಮುಗಿಯಿತು. ಅದೇ ದಿನ ಸಂಜೆ ಜಪಾನಿನ ಮತ್ತೊಂದು ನೌಕೆ ಹಿರ್ಯೂ ಮೇಲಿನ ದಾಳಿಗೂ ಬೆಸ್ಟ್ ಹೋದರು. ಬೆಳಗ್ಗೆ ಕೆಟ್ಟುಹೋದ ಆಕ್ಸಿಜನ್ ಡಬ್ಬಿಯ ಹೊಗೆ ಎಳೆದುಕೊಂಡಿದ್ದರು. ಮರುದಿನ ಕೆಮ್ಮಿದರೆ ರಕ್ತ. ಒಳಗೆ ಅಡಗಿದ್ದ ಕ್ಷಯ ಎದ್ದಿತ್ತು. ಅವರು ಮತ್ತೆ ಯುದ್ಧಕ್ಕೆ ಹಾರಲೇ ಇಲ್ಲ. ಇಷ್ಟನ್ನೂ ನೀವು ಒಂದೇ ಒಂದು ‘ರೋಮಾಂಚಕ’, ‘ಭೀಕರ’ ಬಳಸದೆ ಹೇಳಿದ್ದೀರಿ. ಈ ಭಾಗವನ್ನು ಮುಟ್ಟಬೇಡಿ.

ಇನ್ನು ತೊಂದರೆಗಳು. ಲೇಖನ ಶುರುವಾಗುವುದು ವರ್ಸೈ ಒಪ್ಪಂದದಿಂದ. ಆಮೇಲೆ ಹಿಟ್ಲರ್, ಪೋಲೆಂಡ್, ಫ್ರಾನ್ಸ್. ಮೊದಲ ಹಡಗು ಕಾಣಿಸುವ ಹೊತ್ತಿಗೆ ನಾಲ್ಕು ಪುಟ ದಾಟಿದೆ. ಇದನ್ನೆಲ್ಲ ಕತ್ತರಿಸಿ. ಓದುಗರಿಗೆ ಬೇಕಾದ ಹಿನ್ನೆಲೆ ಒಂದು ಪ್ಯಾರಾದಷ್ಟು. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಎರಗಿತು, ಆದರೆ ಅಮೆರಿಕದ ವಿಮಾನವಾಹಕ ನೌಕೆಗಳು ಅವತ್ತು ಬಂದರಿನಲ್ಲಿ ಇರಲಿಲ್ಲ. 1942ರ ಏಪ್ರಿಲ್ 18ರಂದು ಹಾರ್ನೆಟ್ ನೌಕೆಯಿಂದ ಹಾರಿದ ಡೂಲಿಟಲ್ ಅವರ ಬಾಂಬರ್‌ಗಳು ಟೋಕಿಯೊವನ್ನೇ ಮುಟ್ಟಿದವು. ಆ ನೌಕೆಗಳನ್ನು ಹೊರಗೆಳೆದು ಮುಳುಗಿಸದೆ ನೆಮ್ಮದಿಯಿಲ್ಲ ಎಂದು ಜಪಾನಿನ ನೌಕಾ ಸೇನಾಪತಿ ಯಮಮೊಟೊ ಪಟ್ಟು ಹಿಡಿದರು. ಅದಕ್ಕೆ ಆರಿಸಿಕೊಂಡ ಜಾಗ ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ನೆಲೆಯಿದ್ದ ಮಿಡ್ವೇ ಹವಳದ್ವೀಪ. ಇಷ್ಟು ಸಾಕು, ಹಡಗು ಹತ್ತಿಸಿ.

ಈಗ ದೊಡ್ಡ ವಿಷಯ. ಶೀರ್ಷಿಕೆಯಿಂದ ಹಿಡಿದು ಕೊನೆಯವರೆಗೆ ಲೇಖನ ನಿಂತಿರುವುದು ಒಂದೇ ಚಿತ್ರದ ಮೇಲೆ. ಜೂನ್ 4ರ ಬೆಳಗ್ಗೆ ಜಪಾನಿನ ನೌಕೆಗಳ ಡೆಕ್ ಮೇಲೆ ವಿಮಾನಗಳು ಸಾಲಾಗಿ ನಿಂತಿವೆ, ಎಂಜಿನ್ ಶುರುವಾಗಿದೆ, ಇನ್ನು ಐದೇ ನಿಮಿಷದಲ್ಲಿ ಹಾರಬೇಕು, ಅಷ್ಟರಲ್ಲಿ ಆಕಾಶದಿಂದ ಬಾಂಬ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೀರಿ. ಓದಲು ಸೊಗಸಾಗಿದೆ. ಆದರೆ ಅದು ನಡೆದದ್ದು ಹಾಗಲ್ಲ.

ಈ ಕಥೆ ಹರಡಿದ್ದು ಮಿತ್ಸುವೊ ಫುಚಿದಾ ಅವರಿಂದ. ಪರ್ಲ್ ಹಾರ್ಬರ್ ಮೇಲಿನ ವಿಮಾನದಾಳಿಯ ಮುಂದಾಳು ಅವರೇ. ಮಿಡ್ವೇ ದಿನ ಅಪೆಂಡಿಸೈಟಿಸ್ ಆಪರೇಷನ್ ಆಗಿ ಹಾರಲಾಗದೆ ಅಕಾಗಿಯಲ್ಲೇ ಉಳಿದಿದ್ದರು. ಕಣ್ಣಾರೆ ಕಂಡವರ ಮಾತು ಅಂತ ಪಾಶ್ಚಾತ್ಯ ಲೇಖಕರು ದಶಕಗಳ ಕಾಲ ಅದನ್ನೇ ಬರೆದರು. ಆದರೆ ಜಪಾನಿನ ಅಧಿಕೃತ ಯುದ್ಧ ಇತಿಹಾಸ 1970ರ ದಶಕದಲ್ಲೇ ಬೇರೆ ಚಿತ್ರ ಕೊಟ್ಟಿತ್ತು. ನೌಕೆಗಳ ದಾಖಲೆ ನೋಡಿದರೆ, ಆ ಹೊತ್ತಿನಲ್ಲಿ ಡೆಕ್‌ಗಳ ಮೇಲೆ ಇಳಿಯುತ್ತ ಏರುತ್ತ ಇದ್ದದ್ದು ಜೀರೋ ಎಂಬ ಕಾವಲಿನ ಫೈಟರ್ ವಿಮಾನಗಳು. ದಾಳಿಗೆ ಹೋಗಬೇಕಾದ ವಿಮಾನಗಳು ಇನ್ನೂ ಕೆಳಗೆ ಹ್ಯಾಂಗರ್‌ಗಳಲ್ಲೇ ಇದ್ದವು. ಅವನ್ನು ಲಿಫ್ಟ್‌ನಲ್ಲಿ ಮೇಲೆ ತಂದು, ಸಾಲಾಗಿ ನಿಲ್ಲಿಸಿ, ಎಂಜಿನ್ ಬಿಸಿ ಮಾಡಿ ಹಾರಿಸುವುದಕ್ಕೆ ಐದು ನಿಮಿಷ ಎಲ್ಲಿ ಸಾಕು? ಮುಕ್ಕಾಲು ಗಂಟೆಯ ಕೆಲಸ ಅದು.

ಇದು ಹೋದರೆ ಲೇಖನದ ಬೆನ್ನೆಲುಬೇ ಹೋಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ಹೆದರಬೇಡಿ. ನಿಜವಾಗಿ ನಡೆದದ್ದು ಇದಕ್ಕಿಂತ ಗಟ್ಟಿಯಾದ ಕಥೆ. ಅದನ್ನು ಹೇಳಬೇಕಾದರೆ ನೀವು ಒಂದು ನಿಯಮ ಪಾಲಿಸಬೇಕು: ಗಡಿಯಾರ ನೋಡಿಕೊಂಡು ಬರೆಯಿರಿ, ಆ ಗಳಿಗೆಯಲ್ಲಿ ಆ ಮನುಷ್ಯನಿಗೆ ಏನು ಗೊತ್ತಿತ್ತೋ ಅಷ್ಟನ್ನೇ ಅವನ ಕೈಯಲ್ಲಿಡಿ.

ಜಪಾನಿನ ಆ ನಾಲ್ಕು ನೌಕೆಗಳ ಪಡೆಯ ಮುಖ್ಯಸ್ಥ ನಗುಮೊ ಅವರ ವಿಷಯವನ್ನೇ ತೆಗೆದುಕೊಳ್ಳಿ. ನೀವು ಅವರನ್ನು ಮೂರು ಕಡೆ ‘ಮೂರ್ಖ’ ಅಂದಿದ್ದೀರಿ. ಆ ಬೆಳಗ್ಗೆ ಅವರ ಜಾಗದಲ್ಲಿ ನಿಂತು ನೋಡಿ. ನಾಲ್ಕೂವರೆಗೆ 108 ವಿಮಾನಗಳು ಮಿಡ್ವೇ ಕಡೆಗೆ ಹೊರಟವು. ಅಷ್ಟೇ ಬಲದ ಇನ್ನೊಂದು ಪಡೆ ಹಡಗುಗಳ ಮೇಲೆ ಎರಗಲು ಕಾದಿತ್ತು. ಏಳು ಗಂಟೆಯ ಹೊತ್ತಿಗೆ ದಾಳಿಯ ಮುಖ್ಯಸ್ಥ ತೊಮೊನಾಗಾ ಅವರಿಂದ ಸಂದೇಶ ಬಂತು: ಇನ್ನೊಂದು ದಾಳಿ ಬೇಕು. ಅದೇ ಸಮಯಕ್ಕೆ ಮಿಡ್ವೇಯಿಂದ ಬಂದ ವಿಮಾನಗಳು ನಗುಮೊ ಹಡಗುಗಳ ಮೇಲೇ ಎರಗಿದವು. ದ್ವೀಪ ಇನ್ನೂ ಸತ್ತಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? 7:15ಕ್ಕೆ ಅವರು ಕಾದಿದ್ದ ಪಡೆಯ ವಿಮಾನಗಳಿಂದ ಹಡಗಿಗೆ ಹೊಡೆಯುವ ಟಾರ್ಪಿಡೊ ತೆಗೆದು ನೆಲದ ಗುರಿಗೆ ಹಾಕುವ ಬಾಂಬ್ ಕೂಡಿಸಲು ಹೇಳಿದರು. ಆಗ ಅವರಿಗೆ ತಿಳಿದ ಮಟ್ಟಿಗೆ ಹತ್ತಿರದಲ್ಲಿ ಅಮೆರಿಕದ ನೌಕೆ ಒಂದೂ ಇರಲಿಲ್ಲ.

ತೊನೆ ಹಡಗಿನ ನಾಲ್ಕನೇ ಬೇಹು ವಿಮಾನ ಅರ್ಧ ಗಂಟೆ ತಡವಾಗಿ ಹೊರಟಿತ್ತು. 7:28ಕ್ಕೆ ಅದು ಶತ್ರು ಹಡಗುಗಳು ಕಂಡವು ಎಂದಿತು. ಎಂಥ ಹಡಗು ಅನ್ನಲಿಲ್ಲ. ನಗುಮೊ ಶಸ್ತ್ರ ಬದಲಿಸುವುದನ್ನು ನಿಲ್ಲಿಸಿದರು. ವಿಮಾನವಾಹಕ ನೌಕೆ ಇರುವ ಹಾಗಿದೆ ಎಂಬ ಮಾತು ಬಂದದ್ದು 8:20ರ ಹೊತ್ತಿಗೆ. ಅಷ್ಟರಲ್ಲಿ ಮಿಡ್ವೇಗೆ ಹೋದ ವಿಮಾನಗಳು ಇಂಧನ ಮುಗಿಯುತ್ತ ತಲೆ ಮೇಲೆ ಬಂದು ನಿಂತಿವೆ. ಹಿರ್ಯೂದಿಂದ ನಗುಮೊ ಕೈಕೆಳಗಿನ ಅಡ್ಮಿರಲ್ ಯಮಗುಚಿ ಒತ್ತಾಯಿಸುತ್ತಾರೆ: ಇದ್ದದ್ದನ್ನು ಈಗಲೇ ಹಾರಿಸಿ. ಹಾರಿಸಿದರೆ ಬೆಂಗಾವಲಿಗೆ ಜೀರೋಗಳು ಸಾಲುವುದಿಲ್ಲ, ತಲೆ ಮೇಲಿನ ಪೈಲಟ್‌ಗಳು ಸಮುದ್ರಕ್ಕೆ ಬೀಳುತ್ತಾರೆ. ನಗುಮೊ ಮೊದಲು ಅವರನ್ನು ಇಳಿಸಿಕೊಂಡರು. ಇದು ತಪ್ಪೋ ಸರಿಯೋ ಅಂತ ಇವತ್ತಿಗೂ ವಾದ ಇದೆ. ನೀವೂ ವಾದಿಸಿ. ಬೈಗುಳದಲ್ಲಿ ಮುಗಿಸಬೇಡಿ.

ಈ ಜಾಗದಲ್ಲಿ ನಿಧಾನಿಸಿ, ಓದುಗರನ್ನು ಹ್ಯಾಂಗರ್ ಒಳಗೆ ಕರೆದುಕೊಂಡು ಹೋಗಿ. ನಿಮ್ಮ ಲೇಖನದಲ್ಲಿ ನನಗೆ ತುಂಬಾ ಕೊರತೆ ಅನ್ನಿಸಿದ್ದು ಇದೇ. ಕಾರವಾರದ ಕದಂಬ ನೆಲೆಯಲ್ಲಿ ನಮ್ಮ ವಿಮಾನವಾಹಕ ನೌಕೆ ವಿಕ್ರಮಾದಿತ್ಯವನ್ನು ದೂರದಿಂದ ಕಂಡವರು ನಮ್ಮ ಓದುಗರಲ್ಲಿದ್ದಾರೆ. ಅದರ ಉದ್ದ ಸುಮಾರು 284 ಮೀಟರ್, ಅಕಾಗಿಯದು ಸುಮಾರು 260. ಹೊರಗಿನ ಗಾತ್ರ ಅವರಿಗೆ ಅಂದಾಜು ಆಗುತ್ತದೆ, ಒಳಗಿನದು ಆಗುವುದಿಲ್ಲ. ಜಪಾನಿನ ಹ್ಯಾಂಗರ್‌ಗಳು ನಾಲ್ಕೂ ಕಡೆ ಮುಚ್ಚಿದ ಉಕ್ಕಿನ ಕೋಣೆಗಳು, ಒಂದರ ಮೇಲೊಂದು. ಒಂದೊಂದು ಟಾರ್ಪಿಡೊ ಸುಮಾರು 800 ಕಿಲೊ ತೂಕ. ಅದನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದು, ವಿಮಾನದ ಹೊಟ್ಟೆಯ ಕೆಳಗೆ ಎತ್ತಿ ಕೂಡಿಸಬೇಕು. ಗಾಡಿಗಳು ಎಷ್ಟು ಬೇಕೋ ಅಷ್ಟಿಲ್ಲ. ತೆಗೆದ ಬಾಂಬ್‌ಗಳನ್ನು ಕೆಳಗಿನ ಮದ್ದಿನ ಕೋಣೆಗೆ ಇಳಿಸಲು ಪುರುಸೊತ್ತಿಲ್ಲ, ಗೋಡೆಯ ಬದಿಗೇ ಇಟ್ಟಿದ್ದಾರೆ. ವಿಮಾನಗಳ ಟ್ಯಾಂಕ್ ತುಂಬ ಪೆಟ್ರೋಲ್. ಹಡಗು ದಾಳಿ ತಪ್ಪಿಸಿಕೊಳ್ಳಲು ಗಿರಕಿ ಹೊಡೆದಾಗಲೆಲ್ಲ ನೆಲ ವಾಲುತ್ತದೆ. ಆ ಹುಡುಗರಿಗೆ ಹೊರಗೆ ಏನು ನಡೆಯುತ್ತಿದೆ ಅನ್ನುವುದು ಗುಂಡಿನ ಸದ್ದಿನಿಂದಲೇ ಗೊತ್ತಾಗಬೇಕು. ಇದನ್ನು ತೋರಿಸಿದರೆ ಒಂದೇ ಬಾಂಬಿಗೆ ಅಕಾಗಿ ಯಾಕೆ ಉಳಿಯಲಿಲ್ಲ ಅನ್ನುವುದನ್ನು ನೀವು ವಿವರಿಸಬೇಕಾಗಿಯೇ ಇಲ್ಲ.

ಅತ್ತ ಅಮೆರಿಕದ ವಿಮಾನವಾಹಕ ನೌಕೆ ಯಾರ್ಕ್‌ಟೌನ್‌ನಲ್ಲಿ ದಾಳಿಗೆ ಮೊದಲು ಪೆಟ್ರೋಲ್ ಕೊಳವೆಗಳನ್ನು ಖಾಲಿ ಮಾಡಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತಿದ್ದರು. ಮೂರು ಬಾಂಬ್ ಬಿದ್ದ ಮೇಲೂ ಅದು ಬೆಂಕಿ ಆರಿಸಿಕೊಂಡು ಮತ್ತೆ ಓಡಿತು. ಹಿರ್ಯೂದ ಎರಡನೇ ತಂಡ ಅದನ್ನೇ ಬೇರೊಂದು ನೌಕೆ ಅಂದುಕೊಂಡು ಟಾರ್ಪಿಡೊ ಹಾಕಿತು. ನಿಮ್ಮ ಲೇಖನದಲ್ಲಿ ಇದು ಇಲ್ಲವೇ ಇಲ್ಲ!

ಅದೃಷ್ಟದ ಮಾತಿಗೆ ಬರುತ್ತೇನೆ. ಆ ಪದ ನಿಮ್ಮ ಲೇಖನದಲ್ಲಿ ಪುಟಕ್ಕೊಮ್ಮೆ ಬರುತ್ತದೆ. ಎಂಟರ್‌ಪ್ರೈಸ್‌ನ ಡೈವ್ ಬಾಂಬರ್‌ಗಳನ್ನು ಮುನ್ನಡೆಸಿದ ಮೆಕ್ಲಸ್ಕಿ ‘ಅದೃಷ್ಟವಶಾತ್’ ಜಪಾನಿನ ಡೆಸ್ಟ್ರಾಯರ್ (ಸಣ್ಣ, ವೇಗದ ಯುದ್ಧನೌಕೆ) ಕಂಡರು ಅಂದಿದ್ದೀರಿ. ಶತ್ರು ಇರುತ್ತಾನೆ ಎಂದು ತಮಗೆ ಹೇಳಿದ್ದ ಜಾಗಕ್ಕೆ ಅವರು ಹೋದಾಗ ಅಲ್ಲಿ ಬರೀ ನೀರು. ಇಂಧನ ಕಡಿಮೆಯಾಗುತ್ತಿತ್ತು. ವಾಪಸ್ ಹೋಗಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೂ ಹುಡುಕಾಟ ಮುಂದುವರಿಸಿದರು. ಕೊನೆಗೆ ಅರಾಶಿ ಎಂಬ ಡೆಸ್ಟ್ರಾಯರ್ ಒಂಟಿಯಾಗಿ, ಪೂರ್ತಿ ವೇಗದಲ್ಲಿ ಓಡುತ್ತಿರುವುದು ಕಂಡಿತು. ಇಷ್ಟು ಅವಸರದಲ್ಲಿ ಅದು ತನ್ನ ಪಡೆ ಸೇರಲು ಹೋಗುತ್ತಿರಬೇಕು ಅಂತ ಊಹಿಸಿ ಅದೇ ದಿಕ್ಕು ಹಿಡಿದರು. ಅರಾಶಿ ಹಿಂದೆ ಉಳಿದದ್ದು ಯಾಕೆ? ಅಮೆರಿಕದ ನಾಟಿಲಸ್ ಜಲಾಂತರ್ಗಾಮಿಯನ್ನು ನೀರಿನೊಳಗೇ ಅದುಮಿಡಲು. ಇದರಲ್ಲಿ ಅದೃಷ್ಟ ಇದೆ, ಒಪ್ಪುತ್ತೇನೆ. ಆದರೆ ಅದಕ್ಕೆ ಮೊದಲು ಒಬ್ಬ ಮನುಷ್ಯನ ಹಟ ಇದೆ, ಲೆಕ್ಕ ಇದೆ. ಅದೇ ಬೆಳಗ್ಗೆ ಹಾರ್ನೆಟ್‌ನ ಡೈವ್ ಬಾಂಬರ್‌ಗಳು ಶತ್ರುವನ್ನು ಕಾಣದೇ ಹಿಂದಿರುಗಿದವು ಅನ್ನುವುದನ್ನೂ ಪಕ್ಕದಲ್ಲೇ ಇಡಿ.

ಅಮೆರಿಕದ ನೌಕಾಪಡೆಯ ರೋಶ್‌ಫೋರ್ಟ್ ಅವರಿಗೆ ನೀವು ಕೊಟ್ಟಿರುವುದು ಒಂದು ವಾಕ್ಯ. ಇದು ಅನ್ಯಾಯ. ಪರ್ಲ್ ಹಾರ್ಬರ್‌ನ ಒಂದು ನೆಲಮಾಳಿಗೆಯಲ್ಲಿ, ಕಾಲಿಗೆ ಮನೆ ಚಪ್ಪಲಿ ಹಾಕಿಕೊಂಡು ಹಗಲು ರಾತ್ರಿ ಕೂತು ಜಪಾನಿನ ಸಂಕೇತ ಬಿಡಿಸಿದ ಮನುಷ್ಯ ಆತ. ಶತ್ರು ಸಂದೇಶಗಳಲ್ಲಿ ‘ಎಎಫ್’ ಅಂತ ಬರುತ್ತಿತ್ತು. ಅದು ಮಿಡ್ವೇ ಎಂದು ಅವರ ತಂಡ ನಂಬಿತ್ತು, ಆದರೆ ವಾಷಿಂಗ್ಟನ್‌ಗೆ ಅನುಮಾನ. ಆಗ ಮಿಡ್ವೇಯಿಂದ ಸಂಕೇತವಿಲ್ಲದ ಸಂದೇಶ ಕಳಿಸಿಸಿದರು: ನಮ್ಮಲ್ಲಿ ಸಿಹಿನೀರು ತಯಾರಿಸುವ ಯಂತ್ರ ಕೆಟ್ಟಿದೆ. ಸ್ವಲ್ಪ ದಿನದಲ್ಲೇ ಜಪಾನಿನ ಸಂದೇಶ ಸಿಕ್ಕಿತು, ‘ಎಎಫ್’ನಲ್ಲಿ ನೀರಿಗೆ ತೊಂದರೆ ಅಂತ. ಇದನ್ನು ನಂಬಿ, ಅಮೆರಿಕದ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥ ನಿಮಿಟ್ಸ್ ಕೈಯಲ್ಲಿದ್ದ ಮೂರೂ ವಿಮಾನವಾಹಕ ನೌಕೆಗಳನ್ನು ಪಣಕ್ಕಿಟ್ಟರು. ಮೂರನೆಯದು ಯಾರ್ಕ್‌ಟೌನ್. ಕೋರಲ್ ಸಮುದ್ರದ ಕದನದಲ್ಲಿ ಏಟು ತಿಂದು ಮೇ 27ಕ್ಕೆ ಬಂದ ಆ ನೌಕೆಗೆ ಮೂರು ತಿಂಗಳ ರಿಪೇರಿ ಬೇಕು ಎಂಬ ಅಂದಾಜಿತ್ತು. ಕಾರ್ಮಿಕರು ಹಗಲು ರಾತ್ರಿ ದುಡಿದು ಮೇ 30ಕ್ಕೆ ಕಳಿಸಿಕೊಟ್ಟರು. ಜಪಾನಿನ ನಾಲ್ಕನೇ ನೌಕೆ ಸೊರ್ಯೂವನ್ನು ಸುಟ್ಟದ್ದು ಅದೇ ಯಾರ್ಕ್‌ಟೌನ್‌ನಿಂದ ಹಾರಿದ ಡೈವ್ ಬಾಂಬರ್‌ಗಳು. ವೆಲ್ಡಿಂಗ್ ಮಾಡಿದ ಆ ಕೈಗಳೂ ನಿಮ್ಮ ಲೇಖನದಲ್ಲಿ ಕಾಣಬೇಕು, ಅಲ್ವಾ?

ಟಾರ್ಪಿಡೊ ವಿಮಾನಗಳವರ ಸಾವನ್ನು ನೀವು ಮನಮುಟ್ಟುವಂತೆ ಬರೆದಿದ್ದೀರಿ. 41 ಹೋದವು, ವಾಪಸ್ ಬಂದವು ಬೆರಳೆಣಿಕೆಯಷ್ಟು. ಹಾರ್ನೆಟ್‌ನಿಂದ ಹಾರಿದ ವಾಲ್ಡ್ರನ್ ಅವರ ಎಂಟನೇ ಟಾರ್ಪಿಡೊ ಸ್ಕ್ವಾಡ್ರನ್‌ನ 15 ವಿಮಾನಗಳೂ ಬಿದ್ದವು. ಆ ವಿಮಾನಗಳಲ್ಲಿದ್ದ 30 ಜನರಲ್ಲಿ ಜಾರ್ಜ್ ಗೇ ಒಬ್ಬರೇ ಉಳಿದರು. ಆದರೆ ‘ಜೀರೋಗಳನ್ನು ಕೆಳಗೆಳೆಯಲು ಬೇಕೆಂದೇ ಪ್ರಾಣ ಕೊಟ್ಟರು’ ಅನ್ನುವುದು ತಪ್ಪು. ಅವರು ಹೋದದ್ದು ಹಡಗು ಮುಳುಗಿಸಲು. ವಾಲ್ಡ್ರನ್ ದಾಳಿ ನಡೆದದ್ದು 9:20ರ ಹೊತ್ತಿಗೆ, ಡೈವ್ ಬಾಂಬರ್‌ಗಳಿಗಿಂತ ಒಂದು ಗಂಟೆ ಮೊದಲು. ಅವರು ಎಳೆದ ಜೀರೋಗಳಿಗೆ ಮತ್ತೆ ಮೇಲೇರಲು ಸಮಯವಿತ್ತು. ಅವರು ಕಿತ್ತುಕೊಂಡದ್ದು ಬೇರೆ: ನಗುಮೊಗೆ ಬೇಕಾಗಿದ್ದ ಶಾಂತವಾದ ಡೆಕ್. ಒಂದರ ಹಿಂದೆ ಒಂದು ದಾಳಿ ಬರುತ್ತಿದ್ದರೆ ಹಡಗು ತಿರುಗುತ್ತಲೇ ಇರಬೇಕು, ಕಾವಲಿನ ವಿಮಾನಗಳನ್ನು ಇಳಿಸಿ ಏರಿಸುತ್ತಲೇ ಇರಬೇಕು. ಜೀರೋಗಳನ್ನು ನಿಜವಾಗಿ ಅತ್ತ ಸೆಳೆದದ್ದು ಕೊನೆಗೆ ಬಂದ ಯಾರ್ಕ್‌ಟೌನ್‌ನ ಟಾರ್ಪಿಡೊ ವಿಮಾನಗಳು. ಜಪಾನಿನ ಆ ನೌಕೆಗಳಲ್ಲಿ ರೇಡಾರ್ ಇರಲಿಲ್ಲ. ಮೇಲಿನಿಂದ ಬಂದವರು ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿತ್ತು.

ಸಣ್ಣ ತಪ್ಪುಗಳಿಗೆ ಹಾಳೆಯ ಬದಿಯಲ್ಲೇ ಗುರುತು ಹಾಕಿದ್ದೇನೆ. ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಒಂದು ಪುಟದಲ್ಲಿ ಜೂನ್ 4ರ 10:25, ಇನ್ನೊಂದರಲ್ಲಿ ಜೂನ್ 5ರ 7:25 ಅಂತ ಅದೇ ದಾಳಿಗೆ ಎರಡು ಸಮಯ ಕೊಟ್ಟಿದ್ದೀರಿ. ಜಪಾನಿನ ನೌಕಾಪಡೆ ಎಲ್ಲೇ ಇದ್ದರೂ ಟೋಕಿಯೊ ಗಡಿಯಾರ ಇಟ್ಟುಕೊಳ್ಳುತ್ತಿತ್ತು. ಎರಡೂ ಸರಿ, ಎರಡನ್ನೂ ಬೆರೆಸಿದ್ದು ತಪ್ಪು. ಮಿಡ್ವೇ ಸಮಯ ಒಂದನ್ನೇ ಇಟ್ಟುಕೊಳ್ಳಿ.

ಕ್ರಿಕೆಟ್ ಭಾಷೆಯನ್ನೂ ತೆಗೆಯಿರಿ. ‘ಜಪಾನ್ ಕ್ಲೀನ್ ಬೌಲ್ಡ್’, ‘ಅಮೆರಿಕದ ಹ್ಯಾಟ್ರಿಕ್’ ಅಂದಾಗ ನನಗೆ ಬೇಸರವಾಯಿತು. ಅಲ್ಲಿ ಸತ್ತವರು ಜಪಾನಿನ ಕಡೆ ಮೂರು ಸಾವಿರಕ್ಕೂ ಜಾಸ್ತಿ, ಅಮೆರಿಕದ ಕಡೆ ಸುಮಾರು 300. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು.

ಕೊನೆಯ ಭಾಗವನ್ನು ಹೊಸದಾಗಿ ಬರೆಯಬೇಕು. ‘ಜಪಾನಿನ ಶ್ರೇಷ್ಠ ಪೈಲಟ್‌ಗಳೆಲ್ಲ ಅವತ್ತೇ ಮುಳುಗಿದರು’ ಅನ್ನುವುದು ಸರಿಯಲ್ಲ. ಸತ್ತ ವಿಮಾನ ಸಿಬ್ಬಂದಿ 110ರಷ್ಟು, ಅದರಲ್ಲಿ ಜಾಸ್ತಿ ಹಿರ್ಯೂದವರು. ಅನುಭವಿ ಪೈಲಟ್‌ಗಳು ಕರಗಿದ್ದು ಮುಂದೆ ಗ್ವಾಡಲ್‌ಕನಾಲ್ ದ್ವೀಪದ ಸುತ್ತಿನ ಕಾದಾಟದಲ್ಲಿ. ಮಿಡ್ವೇಯಲ್ಲಿ ಹೋದದ್ದು ನಾಲ್ಕು ನೌಕೆಗಳು ಮತ್ತು ಹ್ಯಾಂಗರ್‌ಗಳಲ್ಲಿ ಸುಟ್ಟುಹೋದ ನೂರಾರು ಮೆಕ್ಯಾನಿಕ್‌ಗಳು. ಎರಡನ್ನೂ ಜಪಾನ್ ಬೇಗ ತುಂಬಿಕೊಳ್ಳಲು ಆಗಲಿಲ್ಲ. ಅಲ್ಲಿಂದ ಮುಂದೆ ಎಲ್ಲಿ ಹೋರಾಡಬೇಕು ಅನ್ನುವುದನ್ನು ಅದು ಒಂಟಿಯಾಗಿ ತೀರ್ಮಾನಿಸುವ ಸ್ಥಿತಿ ಉಳಿಯಲಿಲ್ಲ. ತಿರುವು ಅಂದರೆ ಇದು. ಗಾಯಗೊಂಡು ಊರು ಸೇರಿದ ನಾವಿಕರನ್ನು ಆಸ್ಪತ್ರೆಗಳಲ್ಲಿ ಪ್ರತ್ಯೇಕವಾಗಿಟ್ಟರು, ಸೋಲಿನ ಸುದ್ದಿ ಹೊರಗೆ ಹೋಗಬಾರದು ಅಂತ. ಈ ಸಂಗತಿ ನಿಮ್ಮ ಟಿಪ್ಪಣಿಯಲ್ಲಿತ್ತು, ಲೇಖನಕ್ಕೆ ಬಂದಿಲ್ಲ. ತನ್ನಿ.

ಪದಮಿತಿ 2,500. ಶೀರ್ಷಿಕೆ ಹೊಸದು ಬೇಕು. ಪ್ರತಿ ಅಂಕಿಯ ಪಕ್ಕದಲ್ಲೂ ಅದು ಎಲ್ಲಿ ಸಿಕ್ಕಿತು ಅಂತ ನನಗಾಗಿ ಬರೆದಿಡಿ, ಅಚ್ಚಿಗೆ ಹೋಗುವಾಗ ನಾನು ತೆಗೆಯುತ್ತೇನೆ. ಜೊತೆಗೆ ಒಂದು ನಕ್ಷೆ ಕೈಯಲ್ಲೇ ಬರೆದು ಕಳಿಸಿ: ಮಿಡ್ವೇ, ನಗುಮೊ ಪಡೆ, ಅಮೆರಿಕದ ಅಡ್ಮಿರಲ್‌ಗಳಾದ ಸ್ಪ್ರೂಯನ್ಸ್ ಮತ್ತು ಫ್ಲೆಚರ್ ಪಡೆಗಳು, ಮೆಕ್ಲಸ್ಕಿ ಹಾರಿದ ದಾರಿ. ನಮ್ಮ ಕಲಾವಿದರು ಅದನ್ನು ನೋಡಿ ಬಿಡಿಸುತ್ತಾರೆ. ಅವಸರ ಮಾಡಬೇಡಿ, ಆದರೆ ಮುಂದಿನ ತಿಂಗಳ ಕೊನೆಯೊಳಗೆ ತಲುಪಿದರೆ ಜೂನ್ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ