ಮಾರುವವರು ‘ಇಲ್ಲ’ ಎಂದ ದಿನ

ಓದುಗರ ಪತ್ರ: ‘2025ರ ಏಪ್ರಿಲ್‌ನಲ್ಲಿ ಚೀನಾ ಮೋಟಾರು, ಎಲೆಕ್ಟ್ರಾನಿಕ್ ಉಪಕರಣಗಳಿಗೆ ಬೇಕಾದ ಕೆಲವು ವಿರಳ ಲೋಹಗಳ (ರೇರ್ ಅರ್ಥ್) ಮೇಲೆ, ಅವುಗಳಿಂದ ಮಾಡಿದ ಅಯಸ್ಕಾಂತಗಳ ಮೇಲೆ ರಫ್ತು ನಿರ್ಬಂಧ ಹೇರಿದ್ದನ್ನು ಹಿಡಿದು ಕಳೆದ ಸಂಚಿಕೆಯಲ್ಲಿ ನೀವು ಸ್ವಾವಲಂಬನೆಯ ಹಳೇ ಡೋಲು ಬಾರಿಸಿದ್ದೀರಿ. ಸ್ಕೂಟರಿಗೆ, ಟೆಲಿಫೋನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಪೀಳಿಗೆಯವನು ನಾನು. ಕೈಯಲ್ಲಿ ದುಡ್ಡಿದ್ದರೆ ಜಗತ್ತಿನಲ್ಲಿ ಎಲ್ಲವೂ ಸಿಗುತ್ತದೆ. ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುವುದು ಜಾಣತನ, ಮನೆ ನಡೆಸುವವರು ಮಾಡುವುದೂ ಅದನ್ನೇ. ಅಷ್ಟಕ್ಕೂ ನಿಮ್ಮ ಪತ್ರಿಕೆ ಅಚ್ಚಾಗುವ ಕಾಗದ ಎಲ್ಲಿಯದು?’
— ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕರು, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆ ನಾಟಿತು. ಅದಕ್ಕೆ ಕೊನೆಯಲ್ಲೇ ಬರುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ.

ಸ್ಕೂಟರಿನ ವಿಷಯದಲ್ಲಿ ನಿಮ್ಮ ಮಾತು ನಿಜ. ಬಾಗಿಲು ಹಾಕಿಕೊಂಡು ಕೂತ ದೇಶಕ್ಕೆ ಜಡ್ಡು ಹಿಡಿಯುತ್ತದೆ. ಪೈಪೋಟಿಯಿಲ್ಲದ ಕಾರ್ಖಾನೆ ಇಪ್ಪತ್ತು ವರ್ಷ ಒಂದೇ ಮಾಲು ಹೊರಹಾಕುತ್ತದೆ, ಕೊಳ್ಳುವವನು ಸರದಿಯಲ್ಲಿ ನಿಂತಿರುತ್ತಾನೆ. ಆ ಕಾಲಕ್ಕೆ ಮರಳೋಣ ಎಂದು ನಾನು ಬರೆದಿಲ್ಲ, ಬರೆಯುವುದೂ ಇಲ್ಲ.

ಮನೆಯ ಹೋಲಿಕೆಯನ್ನು ಮಾತ್ರ ಒಪ್ಪಲಾರೆ. ಅಂಗಡಿಯವನಿಗೆ ನಮ್ಮಿಂದ ಬೇಕಾದದ್ದು ದುಡ್ಡು. ಮಾರುವ ದೇಶಕ್ಕೆ ದುಡ್ಡಿನ ಜೊತೆಗೆ ಎಷ್ಟೋ ಸಲ ನಮ್ಮ ಮೌನವೂ ಬೇಕಾಗುತ್ತದೆ. ನನ್ನ ವಯಸ್ಸಿನವರು ಶಾಲೆಯಲ್ಲಿ ಅಮೆರಿಕದ ಹಾಲಿನ ಪುಡಿ ಕುಡಿದು, ಅಲ್ಲಿಂದ ಬಂದ ರವೆಯ ಉಪ್ಪಿಟ್ಟು ತಿಂದು ಬೆಳೆದವರು. ನೀವೂ ತಿಂದಿರುತ್ತೀರಿ. ಆ ಅನ್ನದ ಋಣ ನಾನು ಮರೆಯುವವನಲ್ಲ. ಆದರೆ 1965ರಲ್ಲಿ, ಮರುವರ್ಷವೂ, ಮಳೆ ಕೈಕೊಟ್ಟಾಗ ಪಿಎಲ್-480 ಎಂಬ ಅಮೆರಿಕದ ಆಹಾರ ನೆರವು ಕಾನೂನಿನಡಿ ಬರುವ ಗೋಧಿಗಾಗಿ ಈ ದೇಶ ಹೇಗೆ ಕಾದು ನಿಂತಿತ್ತು ಎಂಬುದನ್ನು ನೆನೆಸಿಕೊಳ್ಳಿ. 1966ರಲ್ಲಿ ಹೊರಗಿನಿಂದ ಬಂದ ಧಾನ್ಯ ಸುಮಾರು 1 ಕೋಟಿ ಟನ್. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಾವಧಿ ಒಪ್ಪಂದ ಕೈಬಿಟ್ಟು, ಸ್ವಲ್ಪ ಕಾಲಕ್ಕೆ ಸಾಲುವಷ್ಟನ್ನೇ ಅಳೆದು ಕಳಿಸತೊಡಗಿದರು. ಕೃಷಿ ನೀತಿ ಬದಲಿಸಿ ಎಂಬ ಒತ್ತಡ ಒಂದು ಕಡೆ. ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಭಾರತ ಟೀಕಿಸಿದ್ದಕ್ಕೆ ಅವರ ಮುನಿಸು ಇನ್ನೊಂದು ಕಡೆ. ಹಡಗು ಬಂದರೆ ಪಡಿತರ, ಬರದಿದ್ದರೆ ಇಲ್ಲ.

ಇದರಿಂದ ನಾವು ಪಾರಾದ ಬಗೆ ನೋಡಿ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಿದರು. ತಳಿಯನ್ನು ರೂಪಿಸಿದವರು ಅಮೆರಿಕದ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್. ಅದನ್ನು ಇಲ್ಲಿನ ಮಣ್ಣಿಗೆ ಒಗ್ಗಿಸಲು ಹಗಲಿರುಳು ದುಡಿದವರು ನಮ್ಮ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು, ಬೆನ್ನಿಗೆ ನಿಂತವರು ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ. 1968ರ ಸುಗ್ಗಿಯಲ್ಲಿ ಗೋದಾಮು ಸಾಲದೆ ಶಾಲೆಗಳಲ್ಲಿ ಗೋಧಿ ತುಂಬಿಡಬೇಕಾಯಿತು. ಬೀಜ ವಿದೇಶದ್ದೇ, ಮೇಷ್ಟ್ರೇ. ಕಾಳು ತರುವುದಕ್ಕೂ ಬೀಜ ತರುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದಷ್ಟೇ ನನ್ನ ವಾದ. (ಆ ತಳಿ ಗೊಬ್ಬರ ಬೇಡುವ ತಳಿ. ಇಂದಿಗೂ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ಬರಬೇಕು. ಆ ಸಂಕಟದ ಕಥೆ ಇನ್ನೊಂದು ಸಂಚಿಕೆಗಿರಲಿ.)

ಅಗ್ಗದ ಮಾತಿಗೆ ಬರೋಣ. ನಿಮ್ಮ ಪಕ್ಕದ ಜಿಲ್ಲೆಯ ಚಳ್ಳಕೆರೆ ಶೇಂಗಾ ಎಣ್ಣೆ ಮಿಲ್ಲುಗಳಿಂದಲೇ ‘ಎಣ್ಣೆ ನಗರ’ ಎನಿಸಿಕೊಂಡ ಊರು. ಸೂರ್ಯಕಾಂತಿ ಬೆಳೆಯುವುದರಲ್ಲಿ ನಮ್ಮ ರಾಜ್ಯ ದೇಶಕ್ಕೇ ಮುಂದಿತ್ತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಆರಂಭಿಸಿತು. ಒಳ್ಳೆಯ ಬೀಜ, ರೈತನಿಗೆ ಭರವಸೆಯ ಬೆಲೆ ಎರಡೂ ಸಿಕ್ಕವು. ಹತ್ತು ವರ್ಷದೊಳಗೆ ಎಣ್ಣೆಕಾಳಿನ ಉತ್ಪಾದನೆ ಸುಮಾರು ಎರಡು ಪಟ್ಟಾಯಿತು, ಅಡುಗೆ ಎಣ್ಣೆಯ ಆಮದು ಅತ್ಯಲ್ಪಕ್ಕೆ ಇಳಿಯಿತು. ಗೆದ್ದಿದ್ದೆವು! ಆಮೇಲೆ ನೀವು ಹೇಳುವ ಜಾಣತನವನ್ನೇ ಮಾಡಿದೆವು. ತಾಳೆ ಎಣ್ಣೆ ಅಗ್ಗ ಎಂದು 90ರ ದಶಕದ ಮಧ್ಯದಲ್ಲಿ ಬಾಗಿಲು ತೆರೆದು, ಶೇ 65ರಷ್ಟಿದ್ದ ಆಮದು ಸುಂಕವನ್ನು ಕೆಲವೇ ವರ್ಷಗಳಲ್ಲಿ ಶೇ 15ಕ್ಕೆ ತಂದೆವು. ಗ್ರಾಹಕನಿಗೆ ಒಳ್ಳೆಯದಾಯಿತು, ಅಲ್ಲಗಳೆಯುವುದಿಲ್ಲ. ಆದರೆ ಎಣ್ಣೆಕಾಳಿಗೆ ಬೆಲೆ ಬಾರದೆ ರೈತ ಬೇರೆ ಬೆಳೆಗೆ ಹೊರಳಿದ. ಬಯಲುಸೀಮೆಯಲ್ಲಿ ಹಳದಿ ತುಂಬಿರುತ್ತಿದ್ದ ಹೊಲಗಳಲ್ಲಿ ಇಂದು ಮೆಕ್ಕೆಜೋಳ ನಿಂತಿದೆ. ಗಾಣ, ಮಿಲ್ಲು, ಕಾಳು ಕೊಳ್ಳುವ ದಲ್ಲಾಳಿ, ಬೀಜ ಉಳಿಸಿಡುವ ಮುದುಕಿ — ಎಲ್ಲ ಒಂದರ ಹಿಂದೊಂದು ಸರಿದುಹೋದವು.

ಇಂದು ನಮಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ನಮ್ಮ ಸೂರ್ಯಕಾಂತಿ ಎಣ್ಣೆ ಬಹುಪಾಲು ಬರುತ್ತಿದ್ದುದು ಅಲ್ಲಿಂದಲೇ. ಏಪ್ರಿಲ್ 28ರಂದು ಇಂಡೊನೇಷ್ಯಾ ತನ್ನ ಜನರಿಗೇ ಸಾಲದೆಂದು ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಮೂರೂವರೆ ವಾರ ಅದು ಹಾಗೇ ಇತ್ತು. ಇಬ್ಬರೂ ನಮ್ಮ ವೈರಿಗಳಲ್ಲ, ನಮ್ಮನ್ನು ಮಣಿಸಲು ಹೊರಟವರೂ ಅಲ್ಲ. ಆದರೂ ಒಗ್ಗರಣೆ ಹಾಕುವ ಮನೆಮನೆಗೂ ಅದರ ಬಿಸಿ ತಟ್ಟಿತು.

ದುಡ್ಡಿದ್ದರೆ ಎಲ್ಲವೂ ಸಿಗುತ್ತದೆ ಎಂದಿರಿ. 1991ರಲ್ಲಿ ಇಸ್ರೊ ಅತಿ ತಂಪಾದ ದ್ರವ ಇಂಧನದಿಂದ ನಡೆಯುವ ಕ್ರಯೋಜೆನಿಕ್ ರಾಕೆಟ್ ಎಂಜಿನ್ನಿಗಾಗಿ ಆಗಿನ ಸೋವಿಯತ್ ಒಕ್ಕೂಟದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ದುಡ್ಡು ಕೊಡಲು ತಯಾರಿದ್ದೆವು. ಕ್ಷಿಪಣಿಗೆ ಬಳಸುತ್ತಾರೆ ಎಂದು ಅಮೆರಿಕ ತಗಾದೆ ತೆಗೆದು 1992ರಲ್ಲಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹಾಕಿತು. ಮರುವರ್ಷ ರಷ್ಯಾ ತಂತ್ರಜ್ಞಾನ ಕೊಡಲಾರೆನೆಂದು ಹಿಂದೆ ಸರಿಯಿತು. ಸಿದ್ಧ ಎಂಜಿನ್‌ಗಳನ್ನಷ್ಟೇ ಕೊಟ್ಟಿತು. ನಮ್ಮದೇ ಎಂಜಿನ್ ಹೊತ್ತ ರಾಕೆಟ್ 2010ರಲ್ಲಿ ಸಮುದ್ರಕ್ಕೆ ಬಿತ್ತು. 2014ರ ಜನವರಿ 5ರಂದು ಶ್ರೀಹರಿಕೋಟಾದಿಂದ ಹಾರಿದ್ದು ಕಕ್ಷೆ ಸೇರಿತು. ಎರಡು ದಶಕ ಹಿಡಿಯಿತು. ಕೊಳ್ಳಲು ಹೊರಟಾಗಲೇ ಕಲಿಯಲೂ ಕೂತಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತೋ ಎಂದು ಆಗಾಗ ಅನ್ನಿಸುತ್ತದೆ.

ಈಗ ಕಾಗದ. ನೀವು ಓದುತ್ತಿರುವ ಈ ಪುಟ ವಿದೇಶದ್ದೇ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಿಂದಲೇ ನಾವೂ ಒಂದು ಕಾಲಕ್ಕೆ ರೀಲು ತರಿಸುತ್ತಿದ್ದೆವು. ಹೊರಗಿನ ಕಾಗದ ಅಗ್ಗಕ್ಕೆ ಸಿಗತೊಡಗಿದಾಗ ಅತ್ತ ಹೊರಳಿದೆವು. ಲೆಕ್ಕ ನೋಡಿ ಸಹಿ ಹಾಕಿದವನು ನಾನೇ. ಆ ಕಾರ್ಖಾನೆಯ ಉತ್ಪಾದನೆ ನಿಂತು ಸುಮಾರು ಹತ್ತು ವರ್ಷವಾಯಿತು. ನಷ್ಟಕ್ಕೆ ಕಾರಣ ಹಲವಿರಬಹುದು, ನಮ್ಮಂತಹ ಗಿರಾಕಿಗಳು ಬಿಟ್ಟುಹೋದದ್ದೂ ಅವುಗಳಲ್ಲಿ ಒಂದು. 2022ರಲ್ಲಿ ಯುದ್ಧದ ದೆಸೆಯಿಂದ ರಷ್ಯಾದ ಕಾಗದ ಬರುವುದು ಕಷ್ಟವಾಗಿ, ದರ ಗಗನಕ್ಕೇರಿ, ಪತ್ರಿಕೆಯ ಪುಟ ಇಳಿಸಬೇಕಾಯಿತು. ನಿಮ್ಮ ಮೆಚ್ಚಿನ ಕೃಷಿ ಪುಟ ನಿಂತದ್ದು ಆಗಲೇ. ಆ ದಿನ ಭದ್ರಾವತಿಗೆ ಫೋನ್ ಮಾಡಿ ‘ನಾಲ್ಕು ಲೋಡು ಕಳಿಸಿ’ ಎನ್ನುವಂತಿರಲಿಲ್ಲ. ಆ ಯಂತ್ರ ನಡೆಸಬಲ್ಲ ಕೈಗಳೂ ಅಷ್ಟರಲ್ಲಿ ಬೇರೆ ಊರು, ಬೇರೆ ಕೆಲಸ ಹಿಡಿದಿದ್ದವು.

— ಸಂಪಾದಕ